ಕೊನೇ ಬೆಂಚಿನಲ್ಲಿ ಕೂತ ಲೈಬ್ರರಿ ಮೇಡಂ

ಹೋದ ತಿಂಗಳು ಹೆಬ್ಬಾಳದ ಛತ್ರವೊಂದರಲ್ಲಿ ಆರತಕ್ಷತೆ. ಗಂಡು ಹೆಣ್ಣಿನ ಫೋಟೊಗಳನ್ನು ಗೋಡೆಗೆ ಬಿಡುತ್ತಿದ್ದ ಪ್ರೊಜೆಕ್ಟರಿನ ಪಕ್ಕದಲ್ಲೇ ನನಗೆ ಕುರ್ಚಿ ಸಿಕ್ಕಿತ್ತು. ಸ್ವಲ್ಪ ಹೊತ್ತಿಗೆ ಅದು ಕಾದು, ಬಿಸಿ ಧೂಳಿನ ವಾಸನೆ ಬಂತು. ಊಟಕ್ಕೆ ಕರೆದದ್ದೂ ನನಗೆ ಕೇಳಿಸಲಿಲ್ಲವಂತೆ. ಊಟದ ವಿಷಯದಲ್ಲಿ ನಾನು ಹಾಗೆ ಮೈಮರೆಯುವವನಲ್ಲ. ಆದರೆ ಆ ವಾಸನೆ ನಮ್ಮ ಶಾಲೆಯ ಲೈಬ್ರರಿಯದು...

ಹೆಬ್ಬಾಳದಿಂದಾಚೆ ಎತ್ತರದ ರಸ್ತೆಗೆ ಕಂಬ ನಿಲ್ಲಿಸುತ್ತಿದ್ದ ಕಾಲ. ನಾನು ಯಲಹಂಕದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಆಡಳಿತ ಮಂಡಳಿಯವರು ಎರಡು ಪ್ರೊಜೆಕ್ಟರು, ನಾಲ್ಕು ಲ್ಯಾಪ್‌ಟಾಪು ತರಿಸಿದರು. ಕಂಪನಿಯವನೊಬ್ಬ ಬಂದು ಒಂದು ಗಂಟೆ ಇಂಗ್ಲಿಷಿನಲ್ಲಿ ಪಟಪಟ ಮಾತಾಡಿ ಹೋದ. ಬೀಗವಿರುವ ಬೀರು ಲೈಬ್ರರಿಯಲ್ಲಿ ಮಾತ್ರ ಇದ್ದದ್ದರಿಂದ ಅವೆಲ್ಲ ಲೈಬ್ರರಿ ಮೇಡಂ ಪಾಲಿಗೆ ಬಂದವು. ಅವರು ಹುಬ್ಬಳ್ಳಿ ಕಡೆಯವರೆಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಗಂಡನಿಗೆ ಗೊರಗುಂಟೆಪಾಳ್ಯದ ಹತ್ತಿರ ಫ್ಯಾಕ್ಟರಿ ಕೆಲಸ. ಇವರದು ವರ್ಷಕ್ಕೊಮ್ಮೆ ಹೊಸ ಆರ್ಡರ್ ಕೊಡುವ ನೌಕರಿ. ಪ್ರೊಜೆಕ್ಟರಿಗೂ ಪುಸ್ತಕಕ್ಕೆ ಮಾಡುವ ಹಾಗೆಯೇ ಒಂದು ಕಾರ್ಡು ಮಾಡಿ, ವಾಪಸ್ ಕೊಡಬೇಕಾದ ದಿನದ ಮುದ್ರೆ ಒತ್ತಿ ನಮಗೆ ಕೊಡುತ್ತಿದ್ದರು.

ಅಷ್ಟರಲ್ಲಿ ಮಂಡಳಿಯಿಂದ ಒಂದು ಸುತ್ತೋಲೆ. ದಸರಾ ರಜೆಗೆ ಮುಂಚೆ ಪ್ರತಿಯೊಬ್ಬರೂ ಪ್ರೊಜೆಕ್ಟರ್ ಇಟ್ಟು ಒಂದು ಪಾಠ ಮಾಡಿ ತೋರಿಸಬೇಕು, ಆಗದವರ ಹತ್ತನೇ ತರಗತಿ ಬೇರೆಯವರಿಗೆ. ಹತ್ತೊಂಬತ್ತು ವರ್ಷದಿಂದ ಹತ್ತನೇ ತರಗತಿ ನನ್ನದಾಗಿತ್ತು. ಅದು ಹೋದರೆ ಮೇಷ್ಟ್ರು ಅನ್ನಿಸಿಕೊಳ್ಳುವುದಾದರೂ ಏಕೆ ಅನ್ನುವಷ್ಟು ಹೆದರಿಕೆಯಾಯಿತು. ಹಾಗಂತ ಲ್ಯಾಪ್‌ಟಾಪ್ ಮುಟ್ಟಿದೆನೇ? ಅದೂ ಇಲ್ಲ.

ಒಂದು ದಿನ ಮೇಡಂ ನನ್ನ ತರಗತಿಯ ಕೊನೇ ಬೆಂಚಿನಲ್ಲಿ ಬಂದು ಕೂತರು. ಕೈಯಲ್ಲೊಂದು ನೋಟ್‌ಬುಕ್ಕು. ನಾನು ಪಾಠ ಮಾಡುತ್ತಿದ್ದರೆ ಅವರು ಏನೋ ಗೀಚಿಕೊಳ್ಳುತ್ತಿದ್ದರು. ಮರುದಿನ ಹಿಂದಿ ಮೇಡಂ ತರಗತಿಯಲ್ಲೂ ಹಾಗೆಯೇ ಕೂತರಂತೆ. ಪುಸ್ತಕ ಕಾಯುವವರಿಗೆ ನಮ್ಮ ಪಾಠದಲ್ಲೇನು ಕೆಲಸ? ಏನು ಬರೀತಾರೆ? ಯಾರಿಗೆ ತೋರಿಸ್ತಾರೆ? ತಲೆಗೆ ಹುಳ ಬಿಟ್ಟಂತಾಯಿತು. ನನ್ನ ಮೇಲೆ ಮಂಡಳಿಗೆ ಚಾಡಿ ಹೋಗುತ್ತಿದೆ ಎಂದು ನಾನೇ ತೀರ್ಮಾನಿಸಿ, ಹೆಡ್‌ಮಾಸ್ಟರ ಹತ್ತಿರ ಹೋದೆ.

“ಲೈಬ್ರರಿ ಕೆಲಸ ಬಿಟ್ಟು ಕ್ಲಾಸ್ ಕ್ಲಾಸ್ ಸುತ್ತುತಾರಲ್ಲ ಸರ್, ಇದ್ಯಾವ ಪದ್ಧತಿ?”

ಅವರು “ನೋಡೋಣ ಬಿಡಿ” ಎಂದು ಏನನ್ನೋ ಬರೆದುಕೊಂಡರು.

ಅದಾಗಿ ಮೂರ್ನಾಲ್ಕು ದಿನಕ್ಕೆ, ಊಟದ ಬಿಡುವಿನಲ್ಲಿ ಲೈಬ್ರರಿಗೆ ಹೋದರೆ ಯಾರೂ ಇಲ್ಲ. ಮೇಜಿನ ಮೇಲೆ ಆ ನೋಟ್‌ಬುಕ್ಕು. ತಪ್ಪೆಂದು ಗೊತ್ತಿದ್ದೂ ತೆರೆದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಹಿಂದಿ ಮೇಡಂ ಪುಟದಲ್ಲಿ: ಎಡಚರು, ಮೌಸ್ ಆ ಕಡೆ ಇಡಬೇಕು. ಗಣಿತದವರದು: ಹುಡುಗರ ಮುಂದ ತಪ್ಪಿದರ ನಾಚಿಕಿ, ಒಬ್ಬರನ್ನ ಬ್ಯಾರೆ ಕೂಡಿಸಿ ಕಲಿಸಬೇಕು. ನನ್ನದು ಹೀಗಿತ್ತು: ಭಾರತದ ನಕ್ಷಾ ನೋಡದ ಬರೀತಾರ. ಆವಾಗ ಒಬ್ಬ ಹುಡುಗನೂ ಮಾತಾಡಂಗಿಲ್ಲ. ಇವರ ಕೈಯಾಗಿನ ಸೀಮೆಸುಣ್ಣ ಬಿಡಿಸಬಾರದು. ಮುಂಗಾರು ಗಾಳಿ ತಿರುಗೋದು ತೋರಸಾಕ ಮಾತ್ರ ಕೈ ಸಾಲಂಗಿಲ್ಲ. ಅಲ್ಲಿ ಪ್ರೊಜೆಕ್ಟರ್.

ಹತ್ತೊಂಬತ್ತು ವರ್ಷದಲ್ಲಿ ನನ್ನ ಪಾಠವನ್ನು ಯಾರೂ ಹೀಗೆ ನೋಡಿರಲಿಲ್ಲ. ನಾಚಿಕೆಯಾಯಿತು, ಖುಷಿಯೂ ಆಯಿತು. ತೊಳೆದ ಟಿಫಿನ್ ಡಬ್ಬಿ ಹಿಡಿದು ಅವರು ಒಳಗೆ ಬಂದಾಗ, ಕಲಿಯಬೇಕಿತ್ತು ಅಂತಷ್ಟೇ ಹೇಳಿದೆ. ಅವರು ಆಗಲೇ ಲ್ಯಾಪ್‌ಟಾಪ್ ತಂದು ಮುಂದಿಟ್ಟರು.

“ಕಡೀತೈತೇನ್ರೀ ಸರ? ಮುಟ್ರಿ.”

ದಿನಾ ಬಿಡುವಿನ ಪೀರಿಯಡ್ಡಿನಲ್ಲಿ ಕಲಿತೆ. ನನ್ನ ಸುಣ್ಣದ ಬೆರಳು ತಾಗಿ ಲ್ಯಾಪ್‌ಟಾಪಿನ ಕೀಲಿಗಳೆಲ್ಲ ಬೆಳ್ಳಗಾದರೆ, ಅವರು ಬೈಯದೆ ಒರೆಸುತ್ತಿದ್ದರು.

ಪಾಠದ ದಿನ ಮೇಡಂ ಪ್ರೊಜೆಕ್ಟರಿನ ಬಿಳಿ ಪರದೆಯನ್ನೇ ಬಿಚ್ಚಲಿಲ್ಲ. ಕಿಟಕಿಗಳಿಗೆ ಲೈಬ್ರರಿಯ ಹಳೇ ಪೇಪರು ಅಂಟಿಸಿ ಕೋಣೆ ಕತ್ತಲು ಮಾಡಿದ್ದರು. ನಾನು ಎಂದಿನಂತೆ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದೆ. ಆಮೇಲೆ ಗುಂಡಿ ಒತ್ತಿದೆ. ಪ್ರೊಜೆಕ್ಟರಿನಿಂದ ಬೆಳ್ಳನೆ ಬಾಣಗಳು ಹೊರಟು, ನಾನು ಬರೆದ ಕೇರಳದ ದಂಡೆಗೆ ಬಂದು ತಾಗಿ, ಇಬ್ಭಾಗವಾಗಿ ಮೇಲೇರಿದವು. ಹುಡುಗರು ಓ ಎಂದರು. ಮಂಡಳಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, “ಇನ್ನೊಂದ್ಸಲ ಬಿಡಿ ಮೇಷ್ಟ್ರೇ” ಅಂದರು. ಮೂರು ಸಲ ಬಿಟ್ಟೆ. ಹತ್ತನೇ ತರಗತಿ ನನ್ನಲ್ಲೇ ಉಳಿಯಿತು.

ಮಾರ್ಚ್ ಕೊನೆಗೆ ಮೇಡಂಗೆ ಹೊಸ ಆರ್ಡರ್ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು, ಅವರು ಲೈಬ್ರರಿ ಬಿಟ್ಟು ಕ್ಲಾಸ್ ಸುತ್ತುತ್ತಾರೆಂದು ಮಂಡಳಿಯವರ ಆಕ್ಷೇಪ ಎಂದರು. ನನ್ನದೇ ಮಾತು. ಅದು ತಪ್ಪು, ಆ ಸುತ್ತಾಟದಿಂದಲೇ ನನ್ನ ಹತ್ತನೇ ತರಗತಿ ಉಳಿದದ್ದು ಎಂದು ಆಗ ನಾನೊಬ್ಬ ಎದ್ದು ಹೇಳಬಹುದಿತ್ತು. ಹೇಳಿದ್ದರೆ ಮಂಡಳಿಯ ಕಣ್ಣಿಗೆ ಮತ್ತೆ ಬೀಳುತ್ತಿದ್ದೆ. ಕಾಫಿ ಕುಡಿಯುತ್ತಾ ಕೂತೆ...

ಬೀರುವಿನ ಕೀಲಿ ಒಪ್ಪಿಸಲು ಬಂದ ದಿನ ಅವರು ನನ್ನ ಹತ್ತಿರ ನಿಂತು, “ದೊಡ್ಡ ಪ್ರೊಜೆಕ್ಟರಿಂದು ವೈರ್ ಸಡ್ಲ ಐತ್ರೀ ಸರ, ಸ್ವಲ್ಪ ಒತ್ತಿ ಹಿಡೀರಿ” ಎಂದರು. ನಾನು ಆಗಲಿ ಎಂದೆ.

ಆಮೇಲೆ ಆರು ವರ್ಷ, ನಿವೃತ್ತಿಯವರೆಗೂ ಹತ್ತನೇ ತರಗತಿಗೆ ಪಾಠ ಮಾಡಿದೆ. ಮದುವೆ ಮುಗಿಸಿ ಬಂದ ಮೇಲೆ ಮನಸ್ಸು ತಡೆಯದೆ ಗೊರಗುಂಟೆಪಾಳ್ಯದಲ್ಲಿ ಹೋಗಿ ವಿಚಾರಿಸಿದೆ. ಫ್ಯಾಕ್ಟರಿ ಮುಚ್ಚಿದೆ. ಗಂಡ ಹೆಂಡತಿ ಊರಿಗೆ ಹೋಗಿ ಬಹಳ ವರ್ಷವಾಯಿತಂತೆ. ಯಾವೂರು ಎಂದು ಅಲ್ಲಿದ್ದವರು ನನ್ನನ್ನೇ ಕೇಳಿದರು. ಎಲ್ಲದರಲ್ಲೂ ಮೂಗು ತೂರಿಸುವ ನಾನು ಅದನ್ನು ಒಂದು ದಿನವೂ ಕೇಳಿರಲಿಲ್ಲ. ದೂರು ಕೊಟ್ಟವನು ನಾನೇ ಎಂದು ತಿಳಿದಿದ್ದೂ ಅವರು ನನಗೆ ಕಲಿಸಿದರೋ, ತಿಳಿಯದೆ ಕಲಿಸಿದರೋ... ಇನ್ನು ಯಾರನ್ನು ಕೇಳಲಿ?