ನಮ್ಮ ಹುಳುಮನೆಯಲ್ಲಿ ನಡೆದ ಯುದ್ಧ

ಈ ಅನುಭವಕ್ಕೆ ನನಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೂರೈವತ್ತು ರೂಪಾಯಿ ನಗದು, ಒಂದು ಹೊಸ ಟವಲು, ಮತ್ತು ಹೆಂಡತಿಯ ಹದಿನೈದು ದಿನದ ಮಾತು. ಹಣ ಕಬ್ಬಾಳಮ್ಮನ ಹುಂಡಿಗೆ ಹೋಯಿತು, ಟವಲು ಒಬ್ಬ ನಟನ ಹಲ್ಲಿಗೆ ಹೋಯಿತು, ಹೆಂಡತಿಯ ಮಾತು ಹದಿನಾರನೇ ದಿನ ವಾಪಸ್ ಬಂತು. ಖರ್ಚನ್ನು ಯಾಕೆ ಮೊದಲು ಹೇಳುತ್ತಿದ್ದೇನೆಂದರೆ, ದೆವ್ವ ಭೂತ ಅಂತ ಕತೆ ಹೇಳುವವರು ಯಾರೂ ಅದಕ್ಕಾಗಿ ಕೈಯಿಂದ ದುಡ್ಡು ಕಳೆದುಕೊಂಡದ್ದನ್ನು ನಾನು ಕಂಡಿಲ್ಲ. ಪುಕ್ಕಟೆ ಕತೆಯನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಅಲ್ಲಿಯತನಕ ನಾನು ತಕ್ಕಡಿಗೆ ಬರದ ಯಾವುದನ್ನೂ ನಂಬಿದವನಲ್ಲ. ಅಪ್ಪ ನನಗೆ ಬಿಟ್ಟುಹೋದದ್ದು ಮೂವತ್ತು ಬಿದಿರಿನ ತಟ್ಟೆ. ರೇಷ್ಮೆಗೆ ಬೆಲೆ ಏರಿ ಊರೂರಲ್ಲಿ ಎಲ್ಲರೂ ಹುಳು ಮೇಯಿಸಲು ಹೊರಟ ಕಾಲ ಅದು. ಆ ತಟ್ಟೆಗಳನ್ನೇ ಬಾಡಿಗೆಗೆ ಬಿಟ್ಟೆ. ಬಂದದ್ದರಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆ ಮಾಡಿಸಿ ಅದನ್ನೂ ಬಾಡಿಗೆಗೆ ಬಿಟ್ಟೆ. ಐದಾರು ವರ್ಷದಲ್ಲಿ ಕಬ್ಬಾಳಿನ ದಾರಿಯಲ್ಲಿರುವ ನಮ್ಮೂರಿನಲ್ಲಿ ಎಪ್ಪತ್ತು ಅಡಿ ಉದ್ದದ ಸ್ವಂತ ಹುಳುಮನೆ ಎದ್ದಿತು. ಸುಮ್ಮನೆ ಬಿದ್ದಿರುವ ವಸ್ತುವನ್ನು ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಈ ಕತೆ ಹುಟ್ಟಿದ್ದೇ ಆ ಕಾಯಿಲೆಯಿಂದ.

ಬೆಂಗಳೂರಿನಿಂದ ಒಂದು ಸಿನಿಮಾ ತಂಡದ ಮ್ಯಾನೇಜರ್ ಬಂದ. ಹಿಮದ ಬೆಟ್ಟದ ಮೇಲೆ ಆರು ಜನ ಸೈನಿಕರು ಒಂದು ಬಂಕರಿನೊಳಗೆ ಸಿಕ್ಕಿಬೀಳುತ್ತಾರೆ. ಶತ್ರು ಒಂದು ಸಲವೂ ಕಾಣಿಸುವುದಿಲ್ಲ. ಹೊರಗೆ ಯುದ್ಧ ನಡೆಯುತ್ತಿದೆಯೋ ಇಲ್ಲವೋ ಅನ್ನುವುದೂ ತಿಳಿಯದೆ ಒಬ್ಬೊಬ್ಬರಿಗೇ ತಲೆ ಕೆಡುತ್ತದೆ. ಇದು ಅವರ ಕತೆ. ನಮ್ಮ ಹುಳುಮನೆಯ ದಪ್ಪ ಮಣ್ಣುಗೋಡೆ, ಗೋಣಿ ಪರದೆ, ಮಬ್ಬು ಬೆಳಕು ನೋಡಿ ಅವನು ಇದೇ ಬಂಕರ್ ಅಂದ.

ಆಗ ನಮ್ಮ ಕಡೆ ಟವಲು ಮುಚ್ಚಿಕೊಂಡು, ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವ ಅಭ್ಯಾಸ ಇನ್ನೂ ಇತ್ತು. ಹೊಸ ಟವಲನ್ನು ಹೆಗಲಿಂದ ತೆಗೆದು ಅವನ ಕೈಮೇಲೆ ಹಾಕಿ ಬೆರಳು ಹಿಡಿದೆ. ಅವನು ಹಾವು ತುಳಿದವನ ಹಾಗೆ ಹಾರಿದ.

“ಏನ್ರೀ ಇದು, ಕೈ ಬಿಡ್ರೀ!”

“ರೇಟ್ ಮಾತಾಡ್ತಾ ಇವ್ನಿ ಸಾರ್.”

“ಬಾಯಲ್ಲಿ ಮಾತಾಡಿ!”

“ಬಾಯಲ್ ಮಾತಾಡುದ್ರೆ ಪಕ್ಕದೋನ್ಗೆ ಗೊತ್ತಾಯ್ತದೆ.”

ಪಕ್ಕದಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಗಾಬರಿಯಾದವನು ಬೇಗ ಒಪ್ಪುತ್ತಾನೆ. ಮನೆ ಖಾಲಿಯಿರುವ ದಿನಕ್ಕೆ ಮಾತು ಮುಗಿಯಿತು. ಹಿಮಕ್ಕೆ ಏನು ಮಾಡುತ್ತೀರಿ ಅಂತ ಕೇಳಿ, ಹುಳುಮನೆಗೆ ಉದುರಿಸಲು ಇಟ್ಟಿದ್ದ ಸುಣ್ಣದ ಪುಡಿಯನ್ನೂ ಎರಡು ಮೂಟೆ ಮಾರಿದೆ. ಬಂದೂಕುಗಳನ್ನು ಚನ್ನಪಟ್ಟಣದ ಬೊಂಬೆ ಮಾಡುವವರಿಂದ ಮಾಡಿಸಿಕೊಟ್ಟೆ. ಮೊದಲ ಸಲ ಅವರು ಅಭ್ಯಾಸಬಲದಿಂದ ಕೆಂಪು ಹಳದಿ ಅರಗು ಬಳಿದು ಕಳಿಸಿಬಿಟ್ಟರು. ಆಮೇಲೆ ಕಪ್ಪು ಬಳಿಸಿದೆ.

ಆದರೆ ಸಿನಿಮಾದವರು ಹೇಳಿದ ದಿನ ಬರಲಿಲ್ಲ. ಮೂರು ವಾರ ತಡವಾಗಿ ಬಂದರು. ಅಷ್ಟರಲ್ಲಿ ನನ್ನ ಹೆಂಡತಿ ಕೆಂಪಮ್ಮ ಹೊಸ ಬೆಳೆ ಇಟ್ಟಾಗಿತ್ತು. ಬಾಡಿಗೆ ವ್ಯವಹಾರ ನನ್ನದು, ಹುಳು ಅವಳದು. ಆ ಬೆಳೆಯ ಗೂಡು ಮಾರಿ ನಮ್ಮ ಮನೆಗೆ ತಾರಸಿ ಹಾಕಿಸುವುದೆಂದು ಅವಳು ತೀರ್ಮಾನ ಮಾಡಿದ್ದಳು. ಹೆಂಚು ಇಳಿಸಿ, ಗೋಡೆ ಏರಿಸಿ, ಕಬ್ಬಿಣದ ಕಂಬಿ ಮೇಲಕ್ಕೆ ನಿಂತಿದ್ದವು. ನಾವು ತೆಂಗಿನ ಗರಿಯ ಕೆಳಗೆ ಮಲಗುತ್ತಿದ್ದೆವು. ಈ ಬೆಳೆ ಕೈಕೊಟ್ಟರೆ ಮಳೆಗಾಲವೂ ಅಲ್ಲೇ.

ಸಿನಿಮಾದವರು ಬಂದ ದಿನ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೂಡು ಕಟ್ಟುವುದರೊಳಗೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರ ಕೂತ ಹುಳು ತಲೆ ಎತ್ತಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಒಂದು ದಿನ, ಒಂದೂವರೆ ದಿನ ಒಂದು ಎಲೆಯನ್ನೂ ಮುಟ್ಟುವುದಿಲ್ಲ. ನಾವೂ ಸೊಪ್ಪು ಹಾಕುವುದಿಲ್ಲ. ಅಂದರೆ ಒಂದೂವರೆ ದಿನ ಆ ಮನೆಯಲ್ಲಿ ಯಾರಿಗೂ ಕೆಲಸವಿಲ್ಲ. ನನ್ನ ಲೆಕ್ಕ ನಿಮಗೆ ಅರ್ಥವಾಗಿರಬೇಕು.

“ಜ್ವರಕ್ ಕೂತಿರೋ ಹುಳದ್ ಮನೇಲಿ ಯುದ್ಧ ಮಾಡುಸ್ತೀಯಾ? ನಿನ್ ತಲೆ ನೆಟ್ಗೈತಾ?” ಅಂದಳು ಕೆಂಪಮ್ಮ.

“ಹುಳ ಸುಮ್ನೆ ಮಲಗಿರ್ತವೆ ಕಣ್ ಕೆಂಪಿ. ಅರ್ಧ ಮನೆ ಸುಮ್ನೆ ಬಿದ್ದದೆ. ಬಾಡ್ಗೆ ಬತ್ತದೆ ಅಂದ್ರೆ ಬ್ಯಾಡ ಅಂತಾರಾ?”

“ಬೆಳೆ ಕೆಟ್ರೆ ತಾರಸಿ ಬದ್ಲು ನಿನ್ನೇ ಕಂಬಿ ಮೇಲೆ ಹಾಸ್ತೀನಿ, ನೋಡ್ಕೊ.”

ಕೊನೆಗೆ ಷರತ್ತಿನ ಮೇಲೆ ಒಪ್ಪಿದಳು. ತಟ್ಟೆಗಳೆಲ್ಲ ಒಂದು ತುದಿಗೆ, ನಡುವೆ ಗೋಣಿ ಪರದೆ. ಬೀಡಿ ಸಿಗರೇಟು ಇಲ್ಲ. ಯಾರೂ ಕೂಗುವಂತಿಲ್ಲ, ನೆಲ ಅದುರುವಂತಿಲ್ಲ. ಬೂಟು ಬಿಚ್ಚಿ, ಬಾಗಿಲಲ್ಲಿಟ್ಟ ಔಷಧದ ನೀರಿನಲ್ಲಿ ಕಾಲು ಅದ್ದಿ ಒಳಗೆ ಬರಬೇಕು. ಆ ಸಿನಿಮಾದಲ್ಲಿ ಸೈನಿಕರ ಪಾದ ಎಲ್ಲೂ ಕಾಣಿಸುವುದಿಲ್ಲ. ಅದಕ್ಕೆ ಕಾರಣ ನನ್ನ ಹೆಂಡತಿ.

ಹಾಗಾಗಿ ಯುದ್ಧ ಪಿಸುಮಾತಿನಲ್ಲಿ ನಡೆಯಿತು. ಬೇಸಿಗೆಯ ಮಟಮಟ ಮಧ್ಯಾಹ್ನ, ಆರು ಜನ ಉಣ್ಣೆ ಕೋಟು ತೊಟ್ಟು, ಮೈಮೇಲೆ ಸುಣ್ಣ ಸುರಿದುಕೊಂಡು, ಬೆವರುತ್ತಾ ನಡುಗುತ್ತಿದ್ದರು. ಮುಖ್ಯ ಸೈನಿಕ ಒಬ್ಬ ದಪ್ಪ ಮನುಷ್ಯ, ನಾಟಕದಲ್ಲಿ ಪಳಗಿದವನು. ಅವನು ಹೆದರಿ ಕಿರುಚಬೇಕಿತ್ತು. ಪರದೆಯ ಪಕ್ಕ ಕಾವಲು ನಿಂತಿದ್ದ ಕೆಂಪಮ್ಮ ಬೆರಳಾಡಿಸಿ ಬೇಡ ಅಂದಳು. ಕಚ್ಚಿಕೊಳ್ಳಲು ನನ್ನ ಟವಲನ್ನೇ ಕೊಟ್ಟೆ.

ಎರಡು ಗಂಟೆಯ ಹೊತ್ತು. ಕಿವಿಗೆ ಯಂತ್ರ ಹಾಕಿಕೊಂಡು ಕೂತಿದ್ದ ಸೌಂಡಿನವನು ಕೈ ಎತ್ತಿದ.

“ಮಳೆ ಬರ್ತಾ ಇದೆಯಾ?”

ಹೊರಗೆ ಬಂಡೆ ಸುಡುವ ಬಿಸಿಲು. ಎಲ್ಲರೂ ಉಸಿರು ಹಿಡಿದು ಕೇಳಿದೆವು. ನಮಗೂ ಕೇಳಿಸಿತು. ಪರದೆಯ ಆಚೆಯಿಂದ, ಹದವಾಗಿ, ಬಿಡದೆ, ಸರಸರ, ಸರಸರ. ಹುಳು ಸೊಪ್ಪು ಮೇಯುವ ಸದ್ದು. ಸಾವಿರಾರು ಹುಳು ಒಟ್ಟಿಗೆ ಮೇಯ್ದರೆ ಥೇಟ್ ಹೆಂಚಿನ ಮೇಲೆ ಮಳೆ ಬಿದ್ದ ಹಾಗೆಯೇ ಕೇಳಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಹಿತವಾದ ಸದ್ದಿಲ್ಲ. “ಅದು ಹುಳ ಸಾರ್, ಮೇಯ್ತಾವೆ” ಅಂತ ಜಂಬದಿಂದ ಹೇಳಲು ಬಾಯಿ ತೆರೆದೆ. ಆಗ ನೆನಪಾಯಿತು. ಹುಳು ಜ್ವರದಲ್ಲಿದ್ದವು. ಹಿಂದಿನ ದಿನದಿಂದ ತಟ್ಟೆಗೆ ಸೊಪ್ಪೇ ಬಿದ್ದಿರಲಿಲ್ಲ.

ಕೆಂಪಮ್ಮ ನನ್ನ ಮುಖ ನೋಡಿದಳು. ಪರದೆ ಎತ್ತಿದಳು. ಸದ್ದು ನಿಂತಿತು. ಸುಣ್ಣ ಉದುರಿಸಿದ ತಟ್ಟೆಗಳಲ್ಲಿ ಅಷ್ಟೂ ಹುಳು ತಲೆ ಎತ್ತಿ ನಿಶ್ಚಲ ನಿಂತಿದ್ದವು. ಪರದೆ ಬಿಟ್ಟಳು. ಸದ್ದು ಶುರುವಾಯಿತು. ಮೂರು ಸಲ ಎತ್ತಿದಳು, ಮೂರು ಸಲವೂ ಹಾಗೇ. ನಾನು ಇಲಿ ಹುಡುಕಿದೆ, ಗೆದ್ದಲು ಹುಡುಕಿದೆ, ಗೋಡೆಗೆ ಕಿವಿ ಕೊಟ್ಟೆ, ಹೊರಗೆ ಹೋಗಿ ಮನೆಯನ್ನು ಒಂದು ಸುತ್ತು ಹಾಕಿ ಬಂದೆ. ಏನೂ ಇಲ್ಲ.

ಆಗ ಆ ದಪ್ಪ ನಟ ಬಾಯಿಂದ ಟವಲು ತೆಗೆದು ಹೇಳಿದ: “ಬೆಳಿಗ್ಗೆಯಿಂದ ಕೇಳಿಸ್ತಾ ಇದೆ. ನನ್ನನ್ನ ಹೆದರಿಸೋಕೆ ನೀವೇ ಏನೋ ಏರ್ಪಾಡು ಮಾಡಿದ್ದೀರಿ ಅಂದ್ಕೊಂಡಿದ್ದೆ.”

ಡೈರೆಕ್ಟರಿಗೆ ಮಾತ್ರ ಹಬ್ಬ. ಯಾರೂ ಅಲ್ಲಾಡಬೇಡಿ, ಕ್ಯಾಮೆರಾ ಓಡಿಸಿ ಅಂದ. ಬಂಕರಿನ ಗೋಡೆಯನ್ನು ಹೊರಗಿನಿಂದ ಏನೋ ತಿನ್ನುತ್ತಿದೆ ಅಂತ ಸೈನಿಕರು ಕಿವಿಗೊಡುವ ದೃಶ್ಯವನ್ನು ಅಲ್ಲೇ ಹುಟ್ಟಿಸಿ ತೆಗೆದ. ನಟನೆ ಯಾರೂ ಮಾಡಲಿಲ್ಲ. ಆ ದಪ್ಪ ಮನುಷ್ಯ ನನ್ನ ಟವಲನ್ನು ಕಚ್ಚಿ ಎರಡು ಹೋಳು ಮಾಡಿದ. ನನಗೂ ಬೆನ್ನಲ್ಲಿ ಬೆವರು. ಆದರೂ, ನಾಚಿಕೆಯಿಂದ ಹೇಳುತ್ತಿದ್ದೇನೆ, ದೃಶ್ಯ ಮುಗಿದ ಕೂಡಲೇ ಮ್ಯಾನೇಜರನ ಕಿವಿಯಲ್ಲಿ ನಾನು ಆಡಿದ ಮೊದಲ ಮಾತು: “ಸಾರ್, ಸದ್ದಿಗೆ ಬೇರೆ ರೇಟು.” ಅವನು ಇನ್ನೂರೈವತ್ತು ರೂಪಾಯಿ ಕೊಟ್ಟ. ಬೆಳಗ್ಗೆಯಿಂದ ಅವನು ಚೌಕಾಸಿ ಮಾಡದೆ ಕೊಟ್ಟ ಹಣ ಅದೊಂದೇ.

ಮಾರನೆಯ ದಿನ ಹುಳು ಜ್ವರದಿಂದ ಎದ್ದವು. ಜ್ವರ ಎದ್ದ ಹುಳುವಿಗೆ ಎಷ್ಟು ಹಸಿವಿರುತ್ತದೆಂದು ಮೇಯಿಸಿದವರಿಗೆ ಗೊತ್ತು. ಕೆಂಪಮ್ಮ ಎಳೆ ಸೊಪ್ಪು ಹಾಕಿದಳು. ಒಂದು ಹುಳುವೂ ಮುಟ್ಟಲಿಲ್ಲ. ಮಧ್ಯಾಹ್ನ ಹಾಕಿದಳು. ಸೊಪ್ಪಿನ ಮೇಲೆ ಹತ್ತಿ, ಉಂಡು ಮಲಗಿದವರ ಹಾಗೆ ಬಿದ್ದುಕೊಂಡವು. ಅವಳು ತಟ್ಟೆಗಳ ಮುಂದೆ ಕೂತು ಅತ್ತಳು. ನಾನು ಹೊರಗೆ ಬಂದು ನಮ್ಮ ಮನೆಯ ಮೇಲೆ ನಿಂತ ಕಂಬಿಗಳನ್ನು ನೋಡಿದೆ. ಆ ಇನ್ನೂರೈವತ್ತನ್ನು ಜೇಬಿಗೆ ಹಾಕಿಕೊಂಡು ಕಬ್ಬಾಳಿಗೆ ಹೋಗಿ ಹುಂಡಿಗೆ ಸುರಿದೆ. ಬಸ್ ಚಾರ್ಜಿಗೂ ಅದರಲ್ಲಿ ಮುರಿಯಲಿಲ್ಲ, ನಡೆದೇ ಬಂದೆ. ಸಂಜೆ ಮನೆ ಹತ್ತಿರ ಬರುವಾಗ ಆ ಸರಸರ ಕೇಳಿಸಿ ಎದೆ ಹಾರಿತು. ಓಡಿ ನೋಡಿದರೆ ಹುಳು ಸೊಪ್ಪು ಮೇಯುತ್ತಿದ್ದವು. ದೇವಿಯ ದಯೆಯೋ, ಜೀರ್ಣವಾಗುವುದಕ್ಕೆ ಅಷ್ಟು ಹೊತ್ತು ಬೇಕಾಗಿತ್ತೋ, ಹೇಳಲಾರೆ.

ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ರೇಟಿಗೆ ಹೋಯಿತು. ತೂಕ ಯಾವತ್ತಿಗಿಂತ ಹೆಚ್ಚೇ ಬಂತು. ತಾರಸಿ ಆಯಿತು. ಎರಡು ಹೊತ್ತಿನ ಸೊಪ್ಪು ಉಳಿಯಿತು ಅಂತ ಒಮ್ಮೆ ಬಾಯಿ ತಪ್ಪಿ ಅಂದೆ. ಕೆಂಪಮ್ಮ ಮಾತು ಬಿಟ್ಟದ್ದು ಅವತ್ತಿನಿಂದಲೇ.

ತಿಂಗಳು ಕಳೆದು ಮ್ಯಾನೇಜರ್ ಮತ್ತೆ ಬಂದ. ಅದೇ ಸದ್ದು ಇನ್ನು ಹತ್ತು ನಿಮಿಷ ಬೇಕು, ಕೇಳಿದಷ್ಟು ಕೊಡುತ್ತೇನೆ ಅಂದ. ಈ ಸಲ ಅವನೇ ಕೈ ಮುಂದೆ ಚಾಚಿದ. ಮೇಯುವ ಹುಳುವಿನ ಸದ್ದು ಯಾರ ಮನೆಯಲ್ಲಾದರೂ ಸಿಗುತ್ತಿತ್ತು. ಪಕ್ಕದೂರಿನವರ ಮನೆ ತೋರಿಸಿ ಕಮಿಷನ್ ಕೂಡ ಕೇಳದೆ ಕಳಿಸಿದೆ. ಮಾಲಿಲ್ಲ ಅಂತ ನಾನು ಗಿರಾಕಿಗೆ ಹೇಳಿದ್ದು ಜೀವನದಲ್ಲಿ ಅದೊಂದೇ ಸಲ.

ಸಿನಿಮಾ ಚನ್ನಪಟ್ಟಣಕ್ಕೆ ಬಂದಾಗ ಕೆಂಪಮ್ಮನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಆ ಸದ್ದಿನ ದೃಶ್ಯಕ್ಕೆ ಜನ ಹೆದರಿ ಎದ್ದುಹೋಗುತ್ತಿದ್ದಾರೆ ಅಂತ ಸುದ್ದಿಯಿತ್ತು. ಇಲ್ಲಿ ಥಿಯೇಟರಿನ ತುಂಬ ಹುಳು ಮೇಯಿಸುವವರೇ. ಗುಂಡು ಹಾರದ ಯುದ್ಧಕ್ಕೆ ಬೇಸತ್ತು ಆಕಳಿಸುತ್ತಿದ್ದರು. ಆಗ ಆ ಸರಸರ ಶುರುವಾಯಿತು.

“ಲೇ, ಯಾರ್ದೋ ಹುಳ ಭರ್ಜರಿಯಾಗ್ ಮೇಯ್ತಾವೆ ಕಣ್ಲಾ!” ಅಂತ ಮುಂದಿನಿಂದ ಒಬ್ಬ ಕೂಗಿದ.

“ಸೊಪ್ಪು ಸಾಲ್ತದಾ ಕೇಳ್ಲಾ ಆ ಮಿಲ್ಟ್ರಿಯೋನ್ನ!” ಅಂತ ಇನ್ನೊಬ್ಬ.

“ಈ ಸಲ ಬೆಳೆ ಗ್ಯಾರಂಟಿ ಕಣಣ್ಣೋ, ಅಳಬ್ಯಾಡ!”

ಪರದೆಯ ಮೇಲೆ ಆ ದಪ್ಪ ಸೈನಿಕ ನನ್ನ ಟವಲು ಕಚ್ಚಿಕೊಂಡು ಕಣ್ಣೀರು ಸುರಿಸುತ್ತಿದ್ದ. ಥಿಯೇಟರಿಗೆ ಥಿಯೇಟರೇ ಸಿಳ್ಳೆ ಹೊಡೆದು ನಗುತ್ತಿತ್ತು. ನಗದೆ ಕೂತವರು ನಾವಿಬ್ಬರೇ. ಕೆಂಪಮ್ಮ ಕತ್ತಲಲ್ಲಿ ನನ್ನ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಳು.

“ತಟ್ಟೇಲಿ ಒಂದ್ ಎಲೆ ಇರ್ನಿಲ್ಲ ಕಣ್” ಅಂದಳು.

ಏನು ತಿಂದವು, ಯಾವುದು ತಿಂದಿತು, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದನ್ನಷ್ಟೇ ಹೇಳುತ್ತೇನೆ, ಕೇಳಿ. ಸಿನಿಮಾದವರಿಗೆ ಮನೆ ಕೊಡಿ, ತಪ್ಪಿಲ್ಲ. ಅರ್ಧ ಹಣ ಮುಂಗಡ ಹಿಡಿಯಿರಿ. ತಾರೀಕು ತಪ್ಪಿದರೆ ದಂಡ ಅಂತ ಮೊದಲೇ ಬರೆಸಿಕೊಳ್ಳಿ, ನಾನು ಬರೆಸಿರಲಿಲ್ಲ. ಹಳೆಯ ಟವಲನ್ನೇ ಹೊದ್ದುಕೊಂಡು ಹೋಗಿ. ಜ್ವರದ ದಿನ ಮಾತ್ರ ಯಾರಿಗೂ, ಎಷ್ಟಕ್ಕೂ ಕೊಡಬೇಡಿ. ನೀವೂ ಅವತ್ತು ಹುಳುಮನೆಗೆ ಹೋಗುವುದಿದ್ದರೆ ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಿವಿಗೊಡಿ. ಏನೂ ಕೇಳಿಸದಿದ್ದರೆ ಒಳಗೆ ಹೋಗಿ. ಕೇಳಿಸಿದರೆ ಪರದೆ ಎತ್ತಬೇಡಿ. ತಿಂದು ಮುಗಿಸಲಿ, ಬಿಡಿ.