ಅನಗತ್ಯ ಸದ್ದು

ಹಿಟ್ಟಿನ ಗಿರಣಿಯವನಿಗೆ ಬೀದಿಯವರು ಇಟ್ಟಿದ್ದ ಹೆಸರು ಗುಡುಗಪ್ಪ. ಅವನ ಎದುರಿಗೇ ಹಾಗೆ ಕರೆದರೂ ಅಡ್ಡಿಯಿರಲಿಲ್ಲ, ಯಾಕೆಂದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಗಿರಣಿಯ ಬೆಲ್ಟಿನ ಪಕ್ಕ ನಿಂತು ನಿಂತು ಎರಡೂ ಕಿವಿ ಕೈಕೊಟ್ಟಿದ್ದವು. ಕಿವಿ ಹೋದವರು ಮೆಲ್ಲಗೆ ಮಾತಾಡುವುದುಂಟೇ? ಬಾಗಿಲು ಹಾಕು ಅನ್ನುವುದನ್ನೂ ಅವನು ಮನೆಗೆ ಬೆಂಕಿ ಬಿದ್ದವರ ಹಾಗೆ ಹೇಳುತ್ತಿದ್ದ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಒಂದು ಕಡೆ ಕೂತ ಜೀವವಲ್ಲ. ಊಟದ ನಡುವೆ ಎದ್ದು ಹೋಗಿ ನಲ್ಲಿ ಸರಿಯಾಗಿ ನಿಂತಿದೆಯೇ ಎಂದು ನೋಡಿ ಬರುವ ಆಸಾಮಿ.

ಅವನ ಹೆಂಡತಿಯದು ಇನ್ನೊಂದು ಕಥೆ. ಒಂದು ಕಾಲದಲ್ಲಿ ಗಿರಣಿಯ ಬಾಗಿಲಲ್ಲಿ ಕೂತು, "ಕೆಂಪು ಡಬ್ಬಿಯವ್ರು ಬನ್ನಿ, ನೀಲಿ ಚೀಲದವ್ರು ಸ್ವಲ್ಪ ತಡೀರಿ" ಎಂದು ಸರದಿ ಕೂಗುತ್ತಿದ್ದವಳು ಅವಳೇ. ಕಲ್ಲಿನ ಗರಗರವನ್ನೂ ಮೀರಿ ಆ ದನಿ ಬೀದಿಯ ಆ ತುದಿಗೆ ಮುಟ್ಟುತ್ತಿತ್ತು. ಆಮೇಲೆ ಗಂಟಲಲ್ಲಿ ಗಂಟು, ಆಪರೇಷನ್ನು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಉಸಿರು ಬೆರೆತ ಒಂದು ಸಣ್ಣ ಗೊರಗೊರ, ಹಳೆಯ ಫ್ಯಾನು ತಿರುಗಿದ ಹಾಗೆ. ಹೊಸಬರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. "ಏನಂದ್ರಿ? ಏನಂದ್ರಿ?" ಎಂದು ಎಲ್ಲರೂ ಮುಖಕ್ಕೆ ಮುಖ ತರುವುದು ಅವಳಿಗೆ ಆಗಿಬರಲಿಲ್ಲ. ಹೊರಗಿನವರ ಹತ್ತಿರ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಮಾತಾಡಿದರೆ ಮಗಳ ಹತ್ತಿರ, ಇಲ್ಲಾ ಗಂಡನ ಹತ್ತಿರ. ಗಂಡನೋ, ಕಲ್ಲುಗೋಡೆ.

ಆಗ ಮಗಳು ಒಂದು ಕೆಲಸ ಮಾಡಿದಳು. ಪಟ್ಟಣದ ಇನ್ನೊಂದು ತುದಿಯಲ್ಲಿ ದಾದಿಯಾಗಿರುವ ಹುಡುಗಿ, ಅಪ್ಪನ ಎರಡೂ ಕಿವಿಗೆ ಯಂತ್ರ ಹಾಕಿಸಿದಳು. ಎಲ್ಲರ ಬಾಯಲ್ಲೂ ಇರುವ ದೊಡ್ಡ ಕಂಪನಿಯದು, ಕಡಲೆಕಾಳಿನಷ್ಟೇ ಇದ್ದದ್ದು, ಫೋನಿನ ಜೊತೆ ಜೋಡಿಸಿದ್ದು. ಹಾಕಿಕೊಂಡ ದಿನ ಗುಡುಗಪ್ಪ ಹೆಂಡತಿಯ ಮುಂದೆ ಕೂತು ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದ.

"ಇಷ್ಟು ವರ್ಷ ನೀನು ನನ್ನ ಇಷ್ಟೊಂದು ಬೈತಿದ್ಯೇನೇ?"

"ಇದು ಕಮ್ಮಿ. ಮೊದಲು ಇನ್ನೂ ಜಾಸ್ತಿ ಇತ್ತು," ಅಂದಳು ಅವಳು.

ಅಂದಿನಿಂದ ನೋಡಬೇಕಿತ್ತು ಅವರಿಬ್ಬರನ್ನು. ಗಿರಣಿಯಲ್ಲಿ ಯಂತ್ರವನ್ನು ಜೇಬಿಗೆ ಹಾಕಿಕೊಂಡು, ಮನೆಗೆ ಬಂದ ತಕ್ಷಣ ಕಿವಿಗೆ ತುರುಕಿಕೊಳ್ಳುತ್ತಿದ್ದ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ದಿನದ ಸುದ್ದಿ ಒಂದೂ ಬಿಡದೆ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತ ಅಡುಗೆಮನೆಯ ಹೊಸ್ತಿಲಿಂದ ಕಿಟಕಿಗೆ, ಕಿಟಕಿಯಿಂದ ಹೊಸ್ತಿಲಿಗೆ ಓಡಾಡುತ್ತಿದ್ದ. ಜಗಳ ಆಡುವುದಕ್ಕೂ ಕಿವಿ ಬೇಕಲ್ಲ. ಅದೂ ಮತ್ತೆ ಶುರುವಾಯಿತು.

ಒಂದು ಭಾನುವಾರ ಸಂಜೆ ಜೋರಾಗಿಯೇ ಆಯಿತು. ಅವನ ಕಾಲು ಮುರಿದ ಆರಾಮಕುರ್ಚಿಯನ್ನು ಅವಳು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದಳು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ, ಅವನೂ ಸಹ. ಆದರೂ ಕುರ್ಚಿ ಅವನದಲ್ಲವೇ! ಕೂಗಾಡಿದ. ಅವಳೂ ಬಿಡಲಿಲ್ಲ, ಗೊರಗೊರ ಎಂದೇ ಸರಿಯಾಗಿ ತಿರುಗೇಟು ಕೊಟ್ಟಳು. ಕೊನೆಗೆ ಅವನು, "ಸಾಕು, ಬಾಯಿ ಮುಚ್ಕೊಂಡು ಬಿದ್ದಿರು!" ಅಂದುಬಿಟ್ಟ. ಗಂಟಲು ಕೊಯ್ಸಿಕೊಂಡ ಹೆಂಗಸಿಗೆ ಅನ್ನುವ ಮಾತೇ ಅದು? ಅಂದ ಮೇಲೆ ಅವನಿಗೂ ಅದು ಹೆಚ್ಚಾಯಿತು ಅನ್ನಿಸಿತು. ಆದರೆ ಗಂಡಸಿನ ಬಿಗುಮಾನ ನೋಡಿ, ತಪ್ಪಾಯಿತು ಅನ್ನಲು ನಾಲಿಗೆ ಹೊರಳಲಿಲ್ಲ. ಮಗ್ಗುಲು ತಿರುಗಿ ಮಲಗಿದ. ಮಲಗುವ ಮುಂಚೆ ಫೋನು ಏನೋ ಕೇಳಿತು, ಒಪ್ಪಿಗೆ ಒತ್ತಿದ. ಫೋನು ಏನು ಕೇಳಿದರೂ ಒಪ್ಪಿಗೆ ಒತ್ತುವುದು ಅವನ ಅಭ್ಯಾಸ. ಒತ್ತದಿದ್ದರೆ ಅದು ಬಿಡಬೇಕಲ್ಲ, ಹಟ ಹಿಡಿದ ಮಗುವಿನ ಹಾಗೆ ಮತ್ತೆ ಮತ್ತೆ ಕೇಳುತ್ತದೆ.

ಬೆಳಿಗ್ಗೆ ಎದ್ದು ಯಂತ್ರ ಸಿಕ್ಕಿಸಿಕೊಂಡರೆ ಹೆಂಡತಿಯ ಮಾತಿಲ್ಲ.

ಲೋಟ ಇಟ್ಟ ಸದ್ದು ಕೇಳಿತು. ಪಕ್ಕದ ಮನೆಯವರ ಬಕೆಟ್ಟು, ಮೇಲಿನ ಮನೆಯ ಮಗುವಿನ ಅಳು, ಬೀದಿಯಲ್ಲಿ ಸ್ಕೂಟರು, ಎಲ್ಲ ಎಂದಿಗಿಂತ ಚೆನ್ನಾಗಿಯೇ ಕೇಳಿತು. ಅಂದ ಮೇಲೆ ಯಂತ್ರ ನೆಟ್ಟಗಿದೆ, ಇವಳೇ ಮಾತು ಬಿಟ್ಟಿದ್ದಾಳೆ. ಬಿಡಲಿ, ನನಗೇನು, ಅಂದುಕೊಂಡ. ಅವಳು ಎದುರಿಗೆ ಬಂದು ನಿಂತಾಗ ತುಟಿ ಅಲ್ಲಾಡಿದ್ದು ಓರೆಗಣ್ಣಿಗೆ ಬಿತ್ತು. ಒಳಗೊಳಗೇ ಶಪಿಸುತ್ತಿದ್ದಾಳೆ ಎಂದು ಪೇಪರು ಅಡ್ಡ ಹಿಡಿದ. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಗಿರಣಿಯಲ್ಲಿ ಗೋಧಿ ತಂದವರ ಮೇಲೆಲ್ಲ ಹರಿಹಾಯ್ದ. ರಾಗಿ ಬೀಸಬೇಕಾದ ಕಲ್ಲಿಗೆ ಅಕ್ಕಿ ಸುರಿದ. ಮನೆಗೆ ಹೋಗಲು ಕಾಲು ಏಳದು, ಗಿರಣಿಯಲ್ಲಿ ನಿಲ್ಲಲು ಮನಸ್ಸು ನಿಲ್ಲದು. ಅವಳ ಕಣ್ಣು ಕೆಂಪಾಗಿದ್ದುದು ಕಂಡಿತ್ತು. ಆದರೂ ಅವಳೇ ಮೊದಲು ಮಾತಾಡಲಿ ಎಂದು ಹಲ್ಲು ಕಚ್ಚಿ ಕಾದ.

ಮುಂದಿನ ಭಾನುವಾರ ಮಗಳು ಬಂದಳು. ಮೂವರೂ ಊಟಕ್ಕೆ ಕೂತರು. ಸ್ವಲ್ಪ ಹೊತ್ತಿನಲ್ಲಿ ಮಗಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ಅಪ್ಪಾ, ಅಮ್ಮ ಆಗ್ಲಿಂದ ಕೇಳ್ತಿದಾಳೆ, ಇನ್ನೊಂಚೂರು ಬಡಿಸ್ಲಾ ಅಂತ. ಹೂಂ ಅನ್ನು, ಊಹೂಂ ಅನ್ನು. ಇದ್ಯಾವ ಥರ ಅಪ್ಪ?"

"ಎಲ್ಲಿ ಕೇಳಿದ್ಳು? ವಾರದಿಂದ ಬಾಯೇ ಬಿಟ್ಟಿಲ್ಲ ನಿಮ್ಮಮ್ಮ!"

"ಏನು ಹಾಗಂದ್ರೆ? ನನ್ನ ಮುಂದೆ ಮಾತಾಡ್ತಿದಾಳಲ್ಲ!"

ಗುಡುಗಪ್ಪ ಹೆಂಡತಿಯ ಮುಖ ನೋಡಿದ. ತುಟಿ ಅಲ್ಲಾಡುತ್ತಿತ್ತು. ಏನೂ ಇಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು, ಇವಳಿಲ್ಲ. ಯಂತ್ರವನ್ನು ಕಿವಿಯೊಳಗೆ ಒತ್ತಿ ನೋಡಿದ. ಮಗಳು ಫೋನು ಕಿತ್ತುಕೊಂಡು ನೋಡಿದಳು. ಕಂಪನಿಯವರು ಕಳೆದ ಭಾನುವಾರವೇ ಹೊಸ ಆವೃತ್ತಿ ಕಳಿಸಿದ್ದರು. ಜೊತೆಗೊಂದು ಒಕ್ಕಣೆ: ಅಭಿನಂದನೆಗಳು, ಫ್ಯಾನು, ಗಾಳಿ, ಯಂತ್ರದ ಗೊರಗೊರ ಮುಂತಾದ ಅನಗತ್ಯ ಸದ್ದುಗಳು ಇನ್ನು ನಿಮ್ಮನ್ನು ಕಾಡುವುದಿಲ್ಲ.

ಹೆಂಡತಿ ಅದನ್ನು ಎರಡು ಸಲ ಓದಿದಳು. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಗಿರಣಿಯ ಬಾಗಿಲು ತೆರೆಯಲೇ ಇಲ್ಲ. ಗುಡುಗಪ್ಪ ಹೆಂಡತಿಯನ್ನು ಕರೆದುಕೊಂಡು ಯಂತ್ರ ಕೊಂಡ ಅಂಗಡಿಗೆ ಹೋದ. ಅಲ್ಲಿ ಬೆಂಚಿನ ತುಂಬ ಜನ, ಎಲ್ಲರ ಮುಖವೂ ಗಂಟು. ಒಬ್ಬನ ಯಂತ್ರ ಹೊಸ ಫೋನು ಬೇಕೆಂದು ಮುಷ್ಕರ ಹೂಡಿತ್ತು. ಒಬ್ಬ ಮುದುಕಿಯ ಕಿವಿಯಲ್ಲಿ ಯಾರೋ ಹಗಲೂ ರಾತ್ರಿ ಜಾಹೀರಾತು ಓದುತ್ತಿದ್ದರಂತೆ.

"ದೇವರ ಹತ್ರ ದೂರು ಹೇಳ್ಬಹುದು, ಇವರ ಹತ್ರ ಹೇಳೋಕಾಗಲ್ಲ. ದೇವರು ಕೊನೇಪಕ್ಷ ಪಾಸ್‌ವರ್ಡ್ ಕೇಳಲ್ಲ," ಅಂದಳು ಮುದುಕಿ. ಬೆಂಚಿಡೀ ಗೊಳ್ಳೆಂದಿತು. ಗುಡುಗಪ್ಪನೊಬ್ಬ ನಗಲಿಲ್ಲ.

ಅಂಗಡಿಯ ಹುಡುಗಿ ಒಳ್ಳೆಯವಳೇ. ಕಂಪ್ಯೂಟರಿಗೆ ಜೋಡಿಸಿ ಏನೇನೋ ಒತ್ತಿದಳು, ಹೆಂಡತಿಯನ್ನು ಎದುರು ಕೂರಿಸಿ ಮಾತಾಡಿಸಿದಳು. ಊಹೂಂ.

"ಹಳೇದಕ್ಕೆ ವಾಪಸ್ ಹೋಗೋಕಾಗಲ್ಲ ಸರ್. ನಮ್ಮ ಕೈಲೇನೂ ಇಲ್ಲ, ಎಲ್ಲ ಕಂಪನಿಯವರದ್ದೇ. ಇದು ಲಕ್ಷಾಂತರ ಜನರ ದನಿ ಕೇಳಿ ಕಲಿತಿರೋದು."

"ಅಷ್ಟು ಲಕ್ಷ ದನೀಲಿ ಇವಳದ್ದೊಂದು ಇರ್ಲಿಲ್ವಾ?"

ಹುಡುಗಿ ಕಂಪನಿಯ ಸಹಾಯವಾಣಿಗೆ ತಾನೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಆ ಕಡೆಯಿಂದ ಬಂದದ್ದು ಜೇನಿನಂಥ ದನಿ, ಮನುಷ್ಯರದಲ್ಲ. ನಿಮ್ಮ ತೊಂದರೆಯನ್ನು ಹೇಳಿ ಎಂದಿತು. ಗುಡುಗಪ್ಪ ಹೆಂಡತಿಯ ಕಡೆ ಕೈ ಮಾಡಿದ.

"ನೀನೇ ಹೇಳೇ. ನಿನ್ನ ದನಿ ಕೇಳಿದ್ರೆ ಅವ್ರಿಗೇ ಅರ್ಥ ಆಗುತ್ತೆ."

ಅಷ್ಟು ಜನರ ಮುಂದೆ! ಅವಳು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಸೆರಗನ್ನು ಬಿಗಿಯಾಗಿ ಹಿಡಿದು, ಮೇಜಿನ ಮೇಲೆ ಬಾಗಿ, ಕುತ್ತಿಗೆಯ ನರ ಉಬ್ಬುವಂತೆ ಮಾತಾಡಿದಳು. ಬೆಂಚಿನವರೆಲ್ಲ ಕತ್ತು ಮುಂದೆ ಚಾಚಿದರು. ಅವಳು ನಿಲ್ಲಿಸಿದ ಮೇಲೆ ಜೇನಿನ ದನಿ ಹೇಳಿತು:

"ಕ್ಷಮಿಸಿ. ಈ ಕರೆಯಲ್ಲಿ ಯಾರೂ ಮಾತನಾಡುತ್ತಿಲ್ಲ. ಕರೆಯನ್ನು ಮುಗಿಸಲಾಗುತ್ತಿದೆ. ನಿಮ್ಮ ದಿನ ಶುಭವಾಗಲಿ."

"ಲೇ! ನನ್ನ ಹೆಂಡ್ತಿ ಮಾತಾಡ್ತಿದಾಳೆ ಕಣೋ! ಯಾರೂ ಇಲ್ವಂತೆ, ಇವನಜ್ಜಿ! ಇಲ್ಲೇ ನಿಂತಿದಾಳಲ್ಲೋ!"

ಬೀದಿಗೆಲ್ಲ ಕೇಳುವಂತೆ ಗುಡುಗಿದ. ಕರೆ ಆಗಲೇ ಮುಗಿದಿತ್ತು. ಬೆಂಚಿನ ಮುದುಕಿ ಎದ್ದು ಬಂದು ಅವನ ಹೆಂಡತಿಯ ತೋಳು ಹಿಡಿದುಕೊಂಡಳು. ಹೆಂಡತಿ ಮೆಲ್ಲಗೆ ಬಿಡಿಸಿಕೊಂಡು ಹೊರಗೆ ನಡೆದಳು.

ಅಂದಿನಿಂದ ಅವಳು ನಿಜವಾಗಿಯೂ ಮಾತು ಬಿಟ್ಟಳು. ಮಗಳ ಹತ್ತಿರವೂ ಇಲ್ಲ. ಬೇಕಾದ್ದಕ್ಕೆ ಕೈ ತೋರಿಸುವಳು, ತಲೆ ಆಡಿಸುವಳು, ಅಷ್ಟೇ. "ಅಮ್ಮ ಫೋನಲ್ಲಿ ಉಸಿರು ಬಿಡ್ತಾಳೆ ಹೊರ್ತು ಮಾತಾಡಲ್ಲ ಅಪ್ಪ, ನನಗೆ ಭಯ ಆಗುತ್ತೆ," ಎಂದು ಮಗಳು ಅತ್ತಳು. ಗುಡುಗಪ್ಪನಿಗೂ ಭಯವೇ. ಮನೆಯೊಳಗೆ ಸುತ್ತಿದ, ಬೀದಿಯಲ್ಲಿ ಸುತ್ತಿದ, ಕಾಲಿಗೆ ಚಕ್ರ ಕಟ್ಟಿದಂತೆ ಸುತ್ತಿದ. ಕಂಪನಿಗೆ ಮಗಳ ಕೈಲಿ ಬರೆಸಿದ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ ಎಂದು ಉತ್ತರ ಬಂತು. ಮೈಯೆಲ್ಲ ಉರಿದುಹೋಯಿತು. ಯಂತ್ರವನ್ನು ಅವರ ಮುಖದ ಮೇಲೆ ಎಸೆದೇ ಬರುತ್ತೇನೆ ಎಂದು ಅಂಗಡಿಗೆ ಹೊರಟ. ಎಸೆಯಲು ಅಲ್ಲಿ ಕಂಪನಿಯ ಮುಖ ಎಲ್ಲಿದೆ? ಇದ್ದದ್ದು ಆ ಹುಡುಗಿಯದೊಂದೇ. ಒಂದು ಕಿವಿಯದನ್ನು ಕಿತ್ತು ಅವಳ ಮುಂದೆ ಮೆತ್ತಗೆ ಇಟ್ಟ.

"ತಗೋಮ್ಮಾ. ಇದು ಬೇಡ. ನನ್ನ ಹೆಂಡ್ತೀನ ಬಿಟ್ಟು ಊರನ್ನೆಲ್ಲ ಕೇಳಿಸೋದು ನನಗ್ಯಾಕೆ?"

ಹುಡುಗಿ ಹಿಂದಿನ ಕೋಣೆಗೆ ಹೋಗಿ, ಬಿಸಾಡಲು ಇಟ್ಟಿದ್ದ ರಾಶಿಯೊಳಗಿಂದ ಒಂದನ್ನು ಹೆಕ್ಕಿ ತಂದಳು. ಬೆಂಕಿಪೊಟ್ಟಣದಷ್ಟು ದಪ್ಪದ ಡಬ್ಬಿ, ಜೇಬಿಗೆ ಸಿಕ್ಕಿಸಿಕೊಳ್ಳುವುದು. ಅದರಿಂದ ಕಿವಿಗೆ ಒಂದು ತಂತಿ.

"ಇದು ತುಂಬಾ ಹಳೇದು ಸರ್. ಫೋನೂ ಬೇಡ, ಏನೂ ಬೇಡ. ಆದ್ರೆ ಇದಕ್ಕೆ ಯಾವುದನ್ನ ತಡೀಬೇಕು ಅಂತ ಗೊತ್ತಾಗಲ್ಲ. ಎಲ್ಲಾನೂ ಒಳಗೆ ಬಿಡುತ್ತೆ. ತಲೆ ಸಿಡಿಯುತ್ತೆ."

"ಎಲ್ಲಾ ಅಂದ್ರೆ ಎಲ್ಲಾನಾ?"

"ಎಲ್ಲಾನೂ."

"ಕೊಡು ಮತ್ತೆ, ಯಾಕೆ ನಿಂತಿದೀಯ!"

ಇನ್ನೊಂದು ಕಿವಿಯದನ್ನೂ ಕಿತ್ತಿಟ್ಟು, ಇದನ್ನು ಹಾಕಿಕೊಂಡು ಬೀದಿಗೆ ಇಳಿದ. ಅಬ್ಬಬ್ಬಾ! ಬಸ್ಸುಗಳು ತಲೆಯ ಮೇಲೇ ಹತ್ತಿ ಬಂದವು. ತನ್ನ ಅಂಗಿ ಉಜ್ಜುವುದು ಗರಗಸ ಎಳೆದಂತೆ ಕೇಳಿತು. ಕಣ್ಣಿನ ಹಿಂದೆ ನೋವು ಶುರುವಾಯಿತು. ಹಲ್ಲು ಕಚ್ಚಿಕೊಂಡು, ಜೇಬಿನ ಡಬ್ಬಿಯನ್ನು ಕೈಯಲ್ಲಿ ಮುಚ್ಚಿಕೊಂಡು, ಓಡುನಡಿಗೆಯಲ್ಲಿ ಮನೆಗೆ ಬಂದ.

ಅವಳು ಪಾತ್ರೆ ತೊಳೆಯುತ್ತಿದ್ದಳು. ನೀರಿನ ಸದ್ದಿಗೆ ಅವನ ತಲೆ ಸೀಳಿದಂತಾಯಿತು.

"ಏನಾದ್ರೂ ಹೇಳೇ," ಅಂದ.

ಅವಳು ತಿರುಗಿ ನೋಡಿದಳು. ಅವನ ಜೇಬು, ತಂತಿ ನೋಡಿದಳು. ಮತ್ತೆ ಪಾತ್ರೆಯ ಕಡೆ ತಿರುಗಿದಳು.

"ಬೈಯೇ. ಬೈಯೋದಾದ್ರೂ ಬೈ. ಆವತ್ತು ಬಾಯಿ ಮುಚ್ಚು ಅಂದೆನಲ್ಲ, ಅದು ನನ್ನ ಕೊಬ್ಬು. ತಪ್ಪಾಯ್ತು."

ಅವಳು ಇನ್ನೊಂದು ಪಾತ್ರೆ ಎತ್ತಿಕೊಂಡಳು. ಮೊದಲ ಸಲ ಅವನ ಕಾಲು ಎಲ್ಲಿಗೂ ಹೊರಡಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡ. ನಲ್ಲಿ ಸುರಿಯುತ್ತಿತ್ತು, ಪಾತ್ರೆ ಬಡಿಯುತ್ತಿತ್ತು, ಬೀದಿಯಲ್ಲಿ ಯಾರೋ ಹಾರನ್ನು ಒತ್ತುತ್ತಲೇ ಇದ್ದರು. ಆ ಗದ್ದಲದ ನಡುವೆ, ಅವನಿಗೆ ಬೆನ್ನು ಮಾಡಿಯೇ, ಅವಳು ತನಗೆ ತಾನೇ ಅಂದುಕೊಂಡಳು:

"ಕೇಳಿಸದೇ ಇದ್ದಿದ್ದೇ ಒಳ್ಳೇದಾಯ್ತು. ಇದೂ ಒಂದು ದನೀನಾ."

"ದನಿ ಅಲ್ದೆ ಇನ್ನೇನೇ?" ಅಂದ ಅವನು, ತಲೆ ಎತ್ತದೆ.

ಪಾತ್ರೆ ಕೈಜಾರಿತು. ಆ ಸದ್ದಿಗೆ ಅವನು ಮುಖ ಹಿಂಡಿದ. ಅವಳು ಒದ್ದೆ ಕೈಯಲ್ಲೇ ಬಂದು ಅವನ ಮುಂದೆ ಕೂತಳು. ಅವನ ಹಣೆಯ ಬೆವರು ನೋಡಿದಳು.

"ತೆಗೀರಿ ಅದನ್ನ. ತಲೆ ನೋಯ್ತಿದೆ ನಿಮಗೆ."

"ನೋಯ್ಲಿ ಬಿಡು. ನೀನು ಹೇಳು. ನನಗೆ ಕೇಳಿಸದೆ ಹೋಯ್ತಲ್ಲ, ಆ ಸೋಮವಾರದಿಂದ ಹೇಳು. ಒಂದೂ ಬಿಡ್ಬೇಡ."

ಅವಳು ಮೂಗು ಒರೆಸಿಕೊಂಡಳು.

"ಸೋಮವಾರ ಬೆಳಿಗ್ಗೆ, ಸ್ನಾನಕ್ಕೆ ನೀರು ಕಾದಿದೆ ಅಂದೆ."

"ಆಮೇಲೆ?"

"ಆಮೇಲೆ ನಿಮ್ಮೆದುರಿಗೆ ಬಂದು, ಸಿಟ್ಟು ಬಿಡ್ರೀ, ನನಗೆ ಮಾತಾಡೋಕೆ ಇನ್ಯಾರಿದಾರೆ ಅಂದೆ. ನೀವು ಪೇಪರ್ ಅಡ್ಡ ಹಿಡಿದ್ರಿ."