ಎರಡು ಮೀಟರಿನ ಗೆರೆ ಎಲ್ಲಿದೆ?

ಬೆಳಗಿನ ಆರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಸೇತುವೆಯ ಮೂರನೇ ಕಂಬದ ಬುಡದಲ್ಲಿ ಮೀಟರಮ್ಮ ಕುಕ್ಕರಗಾಲಲ್ಲಿ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ಉಜ್ಜುತ್ತಿದ್ದಾರೆ. ಒಣಗಿ ಸಿಪ್ಪೆಯೆದ್ದ ಪಾಚಿಯ ಅಡಿಯಲ್ಲಿ, ಉಳಿಯಿಂದ ಕೊರೆದ ಅಡ್ಡಗೆರೆಯೊಂದು ಕಾಣುತ್ತಿದೆ. ಅದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ, ನೀರಿನಲ್ಲಿ ಮುಳುಗಿ, ಅವರೇ ಬಳಿದ ಕೆಂಪು ಎರಡು.

“ಎರಡು ಮೀಟರ್ ಅಂದ್ರೆ ಇದೋ, ಅದೋ? ನಿನ್ನೆಯಿಂದ ತಲೆ ಕೆಟ್ಟು ಮೊಸರಾಗಿದೆ,” ಎಂದು ವರದಿಗೆ ಬಂದ ನಮಗೆ ಹೇಳುತ್ತಾರೆ.

ಐವತ್ತೊಂದರ ಮೀಟರಮ್ಮನಿಗೆ ಈ ಹೆಸರು ಕೊಟ್ಟದ್ದು ನೆರೆಹೊರೆಯವರು. ಹತ್ತೊಂಬತ್ತು ವರ್ಷಗಳಿಂದ ದಿನವೂ ನಲವತ್ತೆರಡು ಮೆಟ್ಟಿಲು ಇಳಿದು ನದಿಯ ಮಟ್ಟ ಓದುವುದು ಅವರ ಕೆಲಸ. ಮೇಲೆ ಸೇತುವೆ ದಾಟುವವರು ಒಮ್ಮೆಯೂ ಬಗ್ಗಿ ನೋಡಿದ್ದಿಲ್ಲ. ಆದರೆ ನದಿಯನ್ನು ಹಂಚಿಕೊಂಡ ಎರಡು ಸೀಮೆಗಳ ನಡುವಿನ ಒಪ್ಪಂದ ನಿಂತಿರುವುದು ಇಲ್ಲಿನ ಓದಿನ ಮೇಲೆ. ಮಟ್ಟ ಸತತ ಮೂರು ದಿನ ಎರಡು ಮೀಟರಿಗಿಂತ ಕೆಳಗಿದ್ದರೆ ಮೇಲಿನ ಅಣೆಕಟ್ಟೆಯವರು ಗೇಟು ಎತ್ತಿ ಕೆಳಗಿನ ಸೀಮೆಗೆ ನೀರು ಬಿಡಲೇಬೇಕು. ಹನ್ನೊಂದು ವಾರಗಳಿಂದ ಓದು ಎರಡರ ಮೇಲೆ ಮೂರು, ನಾಲ್ಕು, ಆರು ಸೆಂಟಿಮೀಟರಿನಲ್ಲೇ ತೂಗಾಡುತ್ತಿದೆ. ಗೇಟು ಅಲುಗಿಲ್ಲ.

ಕೊರೆದ ಗೆರೆಯೇ ನಿಜವಾದರೆ ಗೇಟು ಎಂದೋ ಏಳಬೇಕಿತ್ತು.

ನಾಲ್ಕು ತಿಂಗಳ ಹಿಂದೆ ಪ್ರವಾಹ ಕಂಬದ ಕೆಳಭಾಗದ ಅಂಕಿಗಳನ್ನೆಲ್ಲ ಉಜ್ಜಿಕೊಂಡು ಹೋಯಿತು. ಮೀಟರಮ್ಮ ಮೂರು ಅರ್ಜಿ ಕೊಟ್ಟರೂ ಪೇಂಟರ್ ಬರಲಿಲ್ಲ. ದುರಸ್ತಿಗೆಂದು ಗೇಟು ಪೂರ್ತಿ ಮುಚ್ಚಿ ನೀರು ತಳ ಕಂಡ ಎರಡು ದಿನಗಳಲ್ಲಿ, ಮೇಲೆ ಅಳಿಯದೆ ಉಳಿದಿದ್ದ ಐದು ಮೀಟರಿನ ಅಂಕಿಯಿಂದ ಕಬ್ಬಿಣದ ಕೋಲು ಹಿಡಿದು ಕೆಳಗೆ ಅಳೆಯುತ್ತ ಬಂದು ತಾವೇ ಬಣ್ಣ ಹಚ್ಚಿದರು. “ಚೆನ್ನಾಗೇ ಬಂದಿತ್ತು. ಸಾಹೇಬ್ರೂ ಮೆಚ್ಚಿದ್ರು. ಈಗ ಅನ್ಸುತ್ತೆ, ಒಂದ್ಸಲ ಕೋಲು ಜಾರಿತ್ತಾ ಅಂತ.”

ನಿನ್ನೆ ಈ ಗೆರೆ ಕಣ್ಣಿಗೆ ಬಿದ್ದ ಮೇಲೆ ಮತ್ತೆ ಅಳೆಯಲು ನೋಡಿದ್ದಾರೆ. ಐದರಿಂದ ಅಳೆಯೋಣವೆಂದರೆ, ಕಂಬಕ್ಕೆ ಗಾರೆ ಮೆತ್ತಿದವರು ಆ ಐದನ್ನೇ ಮುಚ್ಚಿಬಿಟ್ಟಿದ್ದಾರೆ. ಸೇತುವೆಯ ಅಂಚಿನಿಂದ ಟೇಪು ಇಳಿಬಿಟ್ಟರೆ ಗಾಳಿಗೆ ಒಮ್ಮೆ ಒಂದು ಅಂಕಿ, ಇನ್ನೊಮ್ಮೆ ಇನ್ನೊಂದು. ಕೊರೆದ ಗೆರೆಯ ಪಕ್ಕದಲ್ಲೂ ಅಂಕಿಯಿಲ್ಲ. ಅದು ಸೇತುವೆ ಕಟ್ಟಿದವರು ತಮ್ಮ ಲೆಕ್ಕಕ್ಕೆ ಹಾಕಿದ ಗುರುತೂ ಇರಬಹುದು.

ಆರಕ್ಕೆ ಐದು ನಿಮಿಷವಿರುವಾಗ ಮೇಷ್ಟ್ರು ಇಳಿದು ಬರುತ್ತಾರೆ. ಮೀಟರಮ್ಮ ಅಣೆಕಟ್ಟೆಯಿರುವ ಮೇಲಿನ ಸೀಮೆಯ ಪರವಾಗಿ ಓದಿದರೆ, ಇವರು ಕೆಳಗಿನ ಸೀಮೆಯ ಪರವಾಗಿ ಓದುವವರು. ಹಿಂದೆ ಗಣಿತ ಹೇಳಿಕೊಡುತ್ತಿದ್ದರು.

“ಏನು ತಂಗಿ, ಕಲ್ಲಿಗೆ ಹಲ್ಲುಜ್ಜಿಸ್ತಾ ಇದ್ದೀಯ?”

ಮೀಟರಮ್ಮ ಗೆರೆ ತೋರಿಸಿ ಎಲ್ಲವನ್ನೂ ಹೇಳುತ್ತಾರೆ. ಮೇಷ್ಟ್ರ ನಗು ಅಲ್ಲೇ ನಿಲ್ಲುತ್ತದೆ.

“ನಮ್ಮ ಸೊಸೆ ನಾಲ್ಕು ಗಂಟೆಗೇ ಎದ್ದು ಟ್ಯಾಂಕರ್ ಸಾಲಲ್ಲಿ ನಿಲ್ತಾಳೆ ಕಣಮ್ಮ. ಹನ್ನೊಂದು ವಾರ!”

“ಬೈಯಿರಿ ಮೇಷ್ಟ್ರೇ, ಬೈಸ್ಕೊಳ್ಳೋಕೇ ಹೇಳಿದ್ದು. ಗೇಟು ಎತ್ತಿದ್ರೆ ನಮ್ಮ ಕಡೆ ನೀರು ಕಮ್ಮಿ, ನಮ್ಮನೆ ನಲ್ಲಿಗೂ ದಿನ ಬಿಟ್ಟು ದಿನವೇ. ಆಫೀಸಲ್ಲಿ ಕೇಳ್ತಾರೆ, ನೀನು ಯಾರ ಕಡೆಯವಳು ಅಂತ.”

“ಬೈಯೋದು ಯಾರನ್ನ? ನಾನೂ ಅದೇ ಅಂಕಿ ಓದಿ ಸಹಿ ಹಾಕ್ದೋನು.” ಮೇಷ್ಟ್ರು ಕನ್ನಡಕ ಒರೆಸಿ ಗೆರೆ ನೋಡುತ್ತಾರೆ. “ಈ ಗೆರೆಯಿಂದ ಎಣಿಸಿದ್ರೆ ಇವತ್ತು ಒಂದು ತೊಂಬತ್ನಾಲ್ಕು. ಹಂಗೇ ಬರ್ದುಬಿಡೋಣ.”

“ಗೊತ್ತಿದ್ದರೆ ಬರೀತಿದ್ದೆ. ಗೆರೆ ಬೇರೆ ಯಾವುದಕ್ಕೋ ಹಾಕಿದ್ದಾದ್ರೆ?”

“ಹಂಗಾದ್ರೆ ನೀನು ಸುಮ್ನಿದ್ದುಬಿಡು.”

ಅದೂ ಆಗದು. ಆರಕ್ಕೆ ಸರಿಯಾಗಿ ಇಬ್ಬರೂ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದಬೇಕು. ಮಾತು ಹೊಂದಿದರೆ ಪುಸ್ತಕಕ್ಕೆ ಏರುತ್ತದೆ, ಹೊಂದದಿದ್ದರೆ ನಿನ್ನೆಯ ಅಂಕಿಯೇ ಇವತ್ತಿಗೂ ನಿಲ್ಲುತ್ತದೆ. ಇದು ನಿಯಮ. ಮೀಟರಮ್ಮ ಒಬ್ಬರೇ ಅನುಮಾನಪಟ್ಟರೆ ನಿನ್ನೆಯ ಎರಡು ಸೊನ್ನೆ ನಾಲ್ಕೇ ಮತ್ತೆ ಗೆಲ್ಲುತ್ತದೆ.

ಗಡಿಯಾರದ ಮುಳ್ಳು ಆರಕ್ಕೆ ಬರುತ್ತದೆ. ಮೇಷ್ಟ್ರು ಮೀಟರಮ್ಮನ ಮುಖ ನೋಡುತ್ತಾರೆ. ಮೀಟರಮ್ಮ ನೀರು ನೋಡುತ್ತಾರೆ. ಆಮೇಲೆ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳುತ್ತಾರೆ. “ಅಯ್ಯೋ, ಗಣಿತದ ಮೇಷ್ಟ್ರ ಬಾಯಲ್ಲಿ ಈ ಮಾತು ಹೇಳಿಸ್ತೀಯಲ್ಲ!” ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಗೊತ್ತಿಲ್ಲ!” ಇಬ್ಬರೂ ಒಟ್ಟಿಗೆ ಕೂಗುತ್ತಾರೆ.

ಮಾತು ಹೊಂದಿದೆ. ಅಂಕಿ ಇರಬೇಕಾದ ಕಡೆ ಮೀಟರಮ್ಮ ದುಂಡಗೆ ‘ಗೊತ್ತಿಲ್ಲ’ ಎಂದು ಬರೆಯುತ್ತಾರೆ, ಕೆಳಗೆ ಎರಡು ಸಹಿ. ಅಂಕಿಯಿಲ್ಲದ ಹಾಳೆ ಎರಡೂ ಕಚೇರಿಗಳಿಗೆ ಹೋಗುತ್ತದೆ. ಯಾರಾದರೂ ಅಳತೆಯ ಯಂತ್ರ ಹಿಡಿದು ಇಳಿದು ಬರಬೇಕಾಗುತ್ತದೆ. ಬರುತ್ತಾರೋ, ಮೀಟರಮ್ಮನನ್ನೇ ಮನೆಗೆ ಕಳಿಸುತ್ತಾರೋ, ಇಬ್ಬರಿಗೂ ತಿಳಿಯದು.

ತಪ್ಪು ನಿಮ್ಮದೇ ಎಂದಾದರೆ ಎಂಬ ನಮ್ಮ ಪ್ರಶ್ನೆಗೆ ಮೀಟರಮ್ಮ ಬ್ರಷ್ಷನ್ನು ನೀರಿಗದ್ದಿ ಕೊಡವುತ್ತಾರೆ.

“ನನ್ನದೇ ಅಂತ ಬರ್ಕೊಳ್ಳಲಿ. ಸರಿಯಾದ ಜಾಗ ಯಾವುದು ಅಂತ ಬೆರಳಿಟ್ಟು ತೋರ್ಸಲಿ, ಸಾಕು. ಬಣ್ಣ ಮಾತ್ರ ನಾನೇ ಹಚ್ತೀನಿ.”